ಸುಂಕಾಪುರದ ವಿದ್ಯಾವಿಮೋಚನೆ

ಬಹಳ ಹಿಂದೆ, ಪ್ರಜೆಗಳಿಗೆ ಮರೆವು ತುಸು ಹೆಚ್ಚಿದ್ದ ಕಾಲದಲ್ಲಿ, ಸುಂಕಾಪುರವೆಂಬ ರಾಜ್ಯವಿತ್ತು. ಅಲ್ಲಿ ಗಾಣ ನಡೆಸುತ್ತಿದ್ದ ನಿಂಗವ್ವ ಡಬ್ಬಿಗೊಂದು ಸೌಟಿನಂತೆ ಎಣ್ಣೆಯನ್ನು ವಿದ್ಯಾಸುಂಕವಾಗಿ ಅರಮನೆಗೆ ಅಳೆಯುತ್ತಿದ್ದಳು. ಆ ಸುಂಕದಿಂದ ನಡೆಯುತ್ತಿದ್ದ ವಿದ್ಯಾಪೀಠದಲ್ಲಿ ಅವಳ ಮಗಳು ಪಾರವ್ವ ವೈದ್ಯ ಕಲಿಯುತ್ತಿದ್ದಳು. ಮುಗಿಯಲು ಇನ್ನೊಂದೇ ವರ್ಷ.

ಒಂದು ದಿನ ಶ್ರೀಮನ್ಮಹಾರಾಜ ಅಲ್ಪತೋಷ ಭೂಪಾಲರಿಗೆ ಊಟದ ನಡುವೆ ಚಿಂತೆ ಹತ್ತಿತು. "ಒಬ್ಬರ ಮಕ್ಕಳು ಓದಲು ಇನ್ನೊಬ್ಬರು ಯಾಕೆ ತೆರಿಗೆ ಕಟ್ಟಬೇಕು?"

ವಿತ್ತಮಂತ್ರಿ ಚತುರಾನಂದ ಕಣ್ಣೊರೆಸಿಕೊಂಡ. "ಪ್ರಭೂ, ಓದಿದವರಿಗೆ ಇಂಥ ಪ್ರಶ್ನೆ ಹೊಳೆಯುವುದೇ ಇಲ್ಲ!"

ಮಹಾರಾಜರು ಇದನ್ನು ಹೊಗಳಿಕೆಯೆಂದೇ ಸ್ವೀಕರಿಸಿದರು.

ಮರುದಿನ ಸಾರ್ವಜನಿಕ ಸಮಾಲೋಚನೆ. ಎಣ್ಣೆ ಅಳೆಯಲು ಬಂದಿದ್ದ ನಿಂಗವ್ವನನ್ನೇ ಸಾರ್ವಜನಿಕರೆಂದು ಹಿಡಿದು ನಿಲ್ಲಿಸಿದರು.

"ಯಾರದೋ ಮಕ್ಕಳ ಓದಿಗೆ ನಿನ್ನ ಎಣ್ಣೆ ಹೋಗುವುದು ಅನ್ಯಾಯವಲ್ಲವೇ?" ಎಂದ ಮಂತ್ರಿ.

"ನಾನೂ ಮೊದ್ಲ ಹಂಗ ಗೊಣಗ್ತಿದ್ದೆ ರೀ. ಹ್ವಾದ ವರ್ಷ ಗಾಣದಾಗ ಕೈ ಸಿಕ್ಕು ಎಲುಬು ಮುರೀತು. ಕೂಡಿಸಿದಾಕಿ ಕುಂಬಾರರ ಹುಡುಗಿ. ಆಕಿ ಓದಿದ್ದು ನಮ್ಮ ಸುಂಕದಾಗ. ಇನ್ನ ಯಾರದೋ ಮಗಳು ಅಂತ ಹೆಂಗ ಅನ್ಲಿ? ಬೇಕಾದ್ರ ಓದಿ ಗಳಿಸೋರ ಕಡಿಂದ ಆಮ್ಯಾಲ ಹೆಚ್ಚಿಗಿ ಇಸ್ಕೋರಿ. ವಿದ್ಯಾಪೀಠದ ಬಾಗಲಾ ಮಾತ್ರ ಹಾಕಬ್ಯಾಡ್ರಿ."

ಕರಣಿಕ ಬರೆದುಕೊಂಡ: 'ಪ್ರಜೆಗಳು ಗೊಣಗುತ್ತಿದ್ದಾರೆ.'

ಸಂಜೆಗೆ ಡಂಗುರ ಸಾರಿಸಿದರು. ವಿದ್ಯಾಪೀಠಕ್ಕೆ ಬೀಗ. ಬದಲಿಗೆ ರಾಜಕೌಶಲ್ಯ ಮಿಷನ್. ಮೂರೇ ದಿನದ ತರಬೇತಿ, ಚಿನ್ನದಂಚಿನ ಸರ್ಟಿಫಿಕೇಟು. ರಾಜ್ಯಕ್ಕೆ ತುರ್ತಾಗಿ ಬೇಕಾದ ಕೌಶಲ ಯಾವುದೆಂದು ಅರಮನೆಯೊಳಗೇ ಸರ್ವೆ ಮಾಡಿಸಲಾಗಿ, ಚಪ್ಪಾಳೆ ಎಂದು ತಿಳಿದುಬಂತು. ಸುಂಕ ಮಾತ್ರ ವಿದ್ಯಾವಿಮೋಚನಾ ಸುಂಕವಾಗಿ ಎರಡು ಸೌಟಿಗೇರಿತು. ಬೀಗ ಕಾಯುವವರಿಗೆ ಸಂಬಳ ಬೇಡವೇ?

ಪಾರವ್ವ ಪುಸ್ತಕ ಹೊತ್ತು ಮನೆಗೆ ಬಂದಳು. "ಅರ್ಧಾ ಕಲ್ತ ಕೈಲೆ ಯಾರ ನಾಡಿ ಹಿಡೀಲಿ ಯವ್ವಾ?"

ನಿಂಗವ್ವ ಅಂದು ಎಳ್ಳು ಹಾಕುವುದನ್ನೇ ಮರೆತು ಖಾಲಿ ಗಾಣ ಆಡಿಸಿದಳು.

ದಿನವೂ ವಿದ್ಯಾಪೀಠಕ್ಕೆ ಹೋಗಿ, ಬಾಗಿಲು ಯಾವಾಗ ತೆರೆಯುತ್ತೀರೆಂದು ಕಾವಲುಗಾರನನ್ನು ಪೀಡಿಸಿದಳು. ಕೊನೆಗವನು, "ಹುಣ್ಣಿವಿಗೆ ಬಾಗ್ಲಾ ತೆಗೀತಾರ, ಹೋಗ್ ಯವ್ವಾ" ಎಂದ. ತಾಯಿಮಗಳು ಹುಣ್ಣಿಮೆಯ ದಿನ ಪುಸ್ತಕಗಳ ಸಮೇತ ಮೊದಲಿಗರಾಗಿ ಹೋಗಿ ನಿಂತರು.

ಬಾಗಿಲು ನಿಜವಾಗಿಯೂ ತೆರೆಯಿತು. ಒಳಗೆ ಮಹಾರಾಜರಿಗೆ ಗೌರವ ಡಾಕ್ಟರೇಟ್! ಗೌನು ತೊಡಿಸಿ, ಕಿರೀಟದ ಮೇಲೆಯೇ ಘಟಿಕೋತ್ಸವದ ಟೊಪ್ಪಿಗೆ ಇಟ್ಟರು.

"ರಾಜ್ಯಕ್ಕೆ ಇಂದು ಡಾಕ್ಟರು ಸಿಕ್ಕಂತಾಯಿತು," ಚತುರಾನಂದ ಗದ್ಗದಿತನಾದ. "ಆದ್ದರಿಂದ ವೈದ್ಯಶಾಲೆಗಳನ್ನೂ ಮುಚ್ಚಲಾಗಿದೆ. ಗೌನಿನ ಬಾಬ್ತು ಡಬ್ಬಿಗೆ ಇನ್ನೊಂದು ಸೌಟು."

ಚಪ್ಪಾಳೆ ಮುಗಿಲು ಮುಟ್ಟಿತು. ಪಾರವ್ವನ ಕೈ ಮಾತ್ರ ಅಲುಗಲಿಲ್ಲ. ಕೌಶಲ್ಯಾಧಿಕಾರಿಯೊಬ್ಬ ಓಡಿಬಂದು, ಬಹಳ ಮರ್ಯಾದೆಯಿಂದಲೇ, ಅವಳು ಎದೆಗವಚಿಕೊಂಡಿದ್ದ ಪುಸ್ತಕಗಳನ್ನು ಕಿತ್ತುಕೊಂಡ.

"ಈಗ ಕೈ ಖಾಲಿ ಆತಲ್ಲ ತಂಗಿ, ಚಪ್ಪಾಳಿ ಹೊಡಿ."