ಫರಸಿಕಲ್ಲಿನ ಟೈಮ್‌ಟೇಬಲ್

ಮಗಳು ಎಸ್ಸೆಸ್ಸೆಲ್ಸಿ ಪಾಸಾಗಲಿ ಎಂದು ಹೆಣಗಿದ ಯಾವ ತಂದೆಗೂ ನನಗೆ ಬಂದ ಗತಿ ಬರಬಾರದು. ನಮ್ಮ ಮನೆತನದಲ್ಲಿ ಆ ಪರೀಕ್ಷೆಗೆ ಕೂರುವ ಮೊದಲ ಹುಡುಗಿ ನಮ್ಮ ಮಹಾದೇವಿ. ಅವಳ ಅಭ್ಯಾಸಕ್ಕೆಂದು ನಾನು ರಚಿಸಿದ ಮೊದಲ ಟೈಮ್‌ಟೇಬಲಿನಿಂದ ನನ್ನ ಹೆಂಡತಿ ವಿಮಲಾಬಾಯಿ ಒಲೆ ಹೊತ್ತಿಸಿದಳು. ಎರಡನೆಯದರಲ್ಲಿ ಖಾರದಪುಡಿ ಕಟ್ಟಿ ತವರಿಗೆ ಕಳಿಸಿದಳು. (ಅಲ್ಲಿ ನನ್ನ ಭಾವಮೈದುನ ಅದನ್ನು ಓದಿ, ಬೆಳಗಿನ ನಾಲ್ಕಕ್ಕೆ ಬೀಜಗಣಿತ ಬೇಡವೆಂದು ಕಾಗದ ಬರೆದ. ಅವನನ್ನು ಕೇಳಿದವರು ಯಾರು?) ಶಹಾಬಾದಿನಲ್ಲಿ ಹುಟ್ಟಿ, ಕಲ್ಲುಗಣಿಯಲ್ಲೇ ಗುಮಾಸ್ತನಾಗಿ ನಾನು ಕಾಗದವನ್ನು ನಂಬಿದ್ದೇ ತಪ್ಪು. ಮೂರನೆಯದನ್ನು ನೆಲಕ್ಕೆ ಹಾಸುವ ಫರಸಿಕಲ್ಲಿನಲ್ಲೇ ಕೆತ್ತಿಸಲು ನಿರ್ಧರಿಸಿದೆ.

“ಕಲ್ಲಿನ ಮ್ಯಾಗ? ತಲಿ ನೆಟ್ಟಗದನ ನಿಮ್ದು?” ಎಂದಳು ವಿಮಲಾಬಾಯಿ.

“ಇದನ್ನ ಒಲ್ಯಾಗ ಹಾಕು, ನೋಡ್ತೀನಿ,” ಎಂದೆ.

ಗೋರಿ, ಸಮಾಧಿಗಳ ಕಲ್ಲು ಕೆತ್ತುವ ಹಾಜಿಮಲಂಗನಿಗೆ ಎಲ್ಲ ಬರೆದುಕೊಟ್ಟೆ: ಗಣಿತ ಇಷ್ಟು ಹೊತ್ತು, ಪುನರಾವರ್ತನೆ ಇಷ್ಟು ಹೊತ್ತು, ಭಾನುವಾರ ಸಂಜೆ ಆರರಿಂದ ಆರೂಕಾಲು ತಂದೆಯೊಡನೆ ಮಾತುಕತೆ. ಮೇಲೆ ರಚನಾಕಾರನ ಹೆಸರು ಬೇಡವೇ? ‘ಬಸವಂತರಾಯ’ ಎಂದು ದಪ್ಪಕ್ಷರದಲ್ಲಿ, ಕೆಳಗೆ ತಾರೀಖು: ೧೦-೧೨-೧೯೭೩. ರೂಢಿಯಂತೆ ಅವನು ಹೆಸರು, ತಾರೀಖು ಮೊದಲು ಕೆತ್ತಿದ. ಅಷ್ಟರಲ್ಲಿ ಬೇರೆ ಕೆಲಸ ಬಂತೆಂದು ಕಲ್ಲನ್ನು ರಸ್ತೆಬದಿಯ ಗೋಡೆಗೆ ಒರಗಿಸಿಟ್ಟ.

ಅದೇ ವಾರ ಮಹಾದೇವಿ ಪರೀಕ್ಷೆಯ ಅರ್ಜಿ ಹಿಡಿದು ಬಂದಳು.

“ಅಪ್ಪಾ, ಒಂದು ಸಹಿ...”

“ಇವತ್ತು ಯಾವ ವಾರ? ಐತವಾರ ಆರಕ್ಕ ಬಾ.”

ಶಿಸ್ತೆಂದರೆ ಶಿಸ್ತು. ಶನಿವಾರವೇ ಕೊನೆಯ ದಿನವೆಂದು ಹೇಳಬೇಕಿತ್ತಲ್ಲ! (ಹೇಳಲು ಹೊರಟಳಂತೆ. ನಾನೇ ಕೈಯೆತ್ತಿ ತಡೆದೆನಂತೆ.) ಕಡೆಗೆ ತಾಯಿಯೇ ಸಹಿ ಮಾಡಿ ಕಳಿಸಿದಳು.

ಪರೀಕ್ಷೆಗೆ ಹತ್ತು ದಿನವಿರುವಾಗ ಹಾಲ್‌ಟಿಕೆಟ್ ವಿಚಾರಿಸಲು ಶಾಲೆಗೆ ಹೋದೆ. ಹೆಡ್‌ಮಾಸ್ತರ್ ಅಂಬರಾಯರು ನನ್ನನ್ನು ಕಂಡವರೇ ಕುರ್ಚಿಯಿಂದೆದ್ದು ಗೋಡೆಗೆ ಆತು ನಿಂತರು.

“ನೀ... ನೀವು ಹೋಗಿಲ್ಲೇನ್ರಿ?”

“ಎಲ್ಲಿಗ್ರಿ?”

ಅವರು ಕೈಯನ್ನು ಆಕಾಶದತ್ತ ಎತ್ತಿದರು.

“ಹಾಜಿಮಲಂಗನ ಅಂಗಡಿ ಮುಂದ ನಿಮ್ಮ ಹೆಸರಿನ ಕಲ್ಲು ನೋಡಿದೆ. ಮರುದಿನಾನೇ ಹುಡುಗಿ ತಾಯಿ ಸಹಿ ಮಾಡಿಸ್ಕೊಂಡು ಅಳ್ಕೋತ ಬಂದಳು. ನಾ ಏನಂತ ಕೇಳ್ಲಿ? ತಂದೆ ದಿವಂಗತ ಅಂತ ಅರ್ಜಿ ಮ್ಯಾಗ ನಾನೇ ಬರ್ದು ಬೆಂಗಳೂರಿನ ಬೋರ್ಡಿಗೆ ಕಳಿಸೀನ್ರಿ.”

“ಅಯ್ಯಯ್ಯೋ! ತಿದ್ರಿ ಮತ್ತ!”

“ತಿದ್ದಬೌದು. ನೀವು ಬದುಕೀರಿ ಅಂತ ಇಲ್ಲಿಂದ ಕಾಗದ ಹೋದ್ರ ಅವರು ಪುರಾವೆ ಕೇಳ್ತಾರ, ಹಾಲ್‌ಟಿಕೆಟ್ ತಡೆ ಹಿಡೀತಾರ. ನಿಮ್ಮ ಪುರಾವೆ ಮುಟ್ಟೋದ್ರಾಗ ಪರೀಕ್ಷೆ ಮುಗಿದಿರ್ತದ.”

ಮನೆಗೆ ಓಡಿ ಬಂದು ಎಲ್ಲ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ವಿಮಲಾಬಾಯಿಯ ಕೈ ನಿಂತಿತು. ಅಳುತ್ತಾಳೆಂದುಕೊಂಡೆ.

“ಪರೀಕ್ಷೆ ಎಷ್ಟು ದಿನ ನಡೀತದ?” ಎಂದಳು.

“ಹನ್ನೆರಡು.”

“ಅದು ಮುಗಿಯೋತನಕ ಶಾಲಿ ಕಡೆ ಮುಖಾ ತೋರಿಸ್ಬ್ಯಾಡ್ರಿ. ಹುಡುಗಿ ವರ್ಷ ಹಾಳಾಗಬಾರದು.”

“ನಾ ಬದುಕೀನಲ್ಲೇ!”

“ಅದು ನಮಗ ಗೊತ್ತದಲ್ಲ, ಸಾಕು.”

ಮಹಾದೇವಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು! ಅದಕ್ಕೆ ಶಾಲೆಯಲ್ಲಿ ಸತ್ಕಾರ. ಬೋರ್ಡಿನ ಕಾಗದದಲ್ಲಿ ಇನ್ನೂ ದಿವಂಗತನೇ ಆಗಿದ್ದ ನಾನು ಮಫ್ಲರ್ ಸುತ್ತಿಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಹೊರಗಿನಿಂದ ಬಂದಿದ್ದ ಅತಿಥಿಗಳು ಶಾಲೆಯ ಕಾಗದ ನೋಡಿಕೊಂಡು, ತಂದೆಯನ್ನು ಕಳೆದುಕೊಂಡರೂ ಧೃತಿಗೆಡದ ಬಾಲಕಿ ಎಂದು ಗದ್ಗದಿತರಾದರು. ಸಭೆ ಕಣ್ಣೊರೆಸಿಕೊಂಡಿತು. ನನಗೂ ತಡೆಯಲಾಗಲಿಲ್ಲ, ಎದ್ದು ನಿಂತು ಚಪ್ಪಾಳೆ ತಟ್ಟಿದೆ.

“ಹುಡುಗಿ ನಿಮಗೇನಾಗಬೇಕ್ರಿ?” ಎಂದು ಕೇಳಿದರು ಪಕ್ಕದಲ್ಲಿದ್ದ ವಾಡಿ ಊರಿನವರೊಬ್ಬರು.

ಮಗಳು ಎನ್ನಲು ಬಾಯಿ ತೆರೆದೆ. ಮುಂದಿನ ಸಾಲಿನಿಂದ ವಿಮಲಾಬಾಯಿ ತಿರುಗಿ ನೋಡಿದಳು.

“ನಮ್ಮ ಓಣಿಯಾಕಿರಿ,” ಎಂದೆ.