ಕೊಟ್ಟಿಗೆ ಬಾಗಿಲು ಹಾಕಿದ ಸುರಕ್ಷತಾ ಅಧಿಕಾರಿ

ಕಾರ್ಖಾನೆಯಲ್ಲಿ ನಾನು ಸುರಕ್ಷತಾ ಅಧಿಕಾರಿ. ನನ್ನ ಅಪ್ಪಣೆ ಇಲ್ಲದೆ ಅಲ್ಲಿ ಒಂದು ಮೊಳೆಯೂ ಯಾರ ಕಾಲಿಗೂ ಚುಚ್ಚುವ ಹಾಗಿಲ್ಲ! ಅಂಥ ನನಗೆ ಮನೆಯ ಹಸು ಯಾವ ಲೆಕ್ಕ? ಹೆಂಡತಿ ಬಚ್ಚಲಲ್ಲಿ ಜಾರಿ ಬಲಗೈ ಉಳುಕಿಸಿಕೊಂಡಾಗ ಎದೆ ತಟ್ಟಿಕೊಂಡು ಹೇಳಿಬಿಟ್ಟೆ, ನಾಳೆ ಹಸುವನ್ನ ಹಿಡಿದು ಲಸಿಕೆ ಹಾಕಿಸೋ ಜವಾಬ್ದಾರಿ ನನ್ನದು ಅಂತ.

ಅವಳಿಗೆ ಅದೇ ಚಿಂತೆ. ಪಕ್ಕದ ಬೀದಿಯ ದನಗಳಿಗೆ ಆಗಲೇ ಕಾಲುಬಾಯಿ ರೋಗ ಬಂದಿತ್ತು. ನಮ್ಮ ಮಹಾರಾಣಿ ಗಬ್ಬದ ಹಸು. ಪಶುವೈದ್ಯರು ಲಸಿಕೆ ಹಾಕಲು ಮಾರನೇ ದಿನ ಬರುವವರಿದ್ದರು; ಅವತ್ತು ಬಂದು ಹೋದರೆ ಮತ್ತೆ ಯಾವಾಗ ಕೈಗೆ ಸಿಗುತ್ತಾರೋ ದೇವರೇ ಬಲ್ಲ.

ಬೆಳಿಗ್ಗೆ ಎದ್ದದ್ದೇ ಅವಳ ಉಪದೇಶ ಶುರು. ಮಾತಾಡುತ್ತಾ ಹೋಗಬೇಕಂತೆ, ಹಿಂದಿನಿಂದ ಹೋಗಬಾರದಂತೆ, ಹಗ್ಗ ಕೈಗೆ ಸುತ್ತಿಕೊಳ್ಳಬಾರದಂತೆ. ಎಲ್ಲಕ್ಕೂ ಹೂಂ ಅಂದೆ.

"ಕೊಟ್ಟಿಗೆ ಬಾಗಿಲು ಮಾತ್ರ ತೆಗೆದೇ ಇಡಿ" ಅಂದಳು.

"ತೆಗೆದಿಟ್ರೆ ಅದು ಓಡಿಹೋಗಲ್ವೇನೇ?"

ಅವಳು ಏನೋ ಹೇಳಲು ಬಾಯಿ ತೆರೆದಳು. ನಾನಾಗಲೇ ಅಂಗಳ ದಾಟಿದ್ದೆ.

ಒಳಗೆ ಹೋಗಿ ಬಾಗಿಲು ಹಾಕಿ ಚಿಲಕ ಜಡಿದೆ. ಹಸುವಿನ ಜೊತೆ ಹರಟೆ ಹೊಡೆಯೋಕೆ ನನಗೇನು ತಲೆ ಕೆಟ್ಟಿದೆಯಾ? ತುಟಿಪಿಟಕ್ಕೆನ್ನದೆ ಹಗ್ಗ ಬಿಚ್ಚಿ, ಕೈಗೆ ಎರಡು ಸುತ್ತು ಗಟ್ಟಿಯಾಗಿ ಸುತ್ತಿಕೊಂಡು, ಇನ್ನು ಇದನ್ನು ಸೂಜಿಗೆ ಕಟ್ಟಿ ನಿಲ್ಲಿಸೋ ಕಂಬದ ಕಡೆ ಹೊರಡಿಸೋಣ ಅಂತ ಹಿಂದಿನಿಂದ ಹೋಗಿ ಒಂದು ಏಟು ತಟ್ಟಿದೆ.

ಮಹಾರಾಣಿ ಬೆಚ್ಚಿಬಿದ್ದಳು! ಬಕೆಟ್ಟು ಗೋಡೆಗೆ ಬಡಿಯಿತು. ಕೊಟ್ಟಿಗೆಯ ಪ್ರದಕ್ಷಿಣೆ ಶುರುವಾಯಿತು, ಮುಂದೆ ಅವಳು, ಹಿಂದೆ ನಾನು. ಬಿಡೋಣ ಅಂದರೆ ಹಗ್ಗ ಬಿಡದು. ಅಂತೂ ಅಂಗೈ ಚರ್ಮದ ಸಮೇತ ಅದು ಜಾರಿದ್ದೇ ತಡ, ನಾನು ಹಾರಿ ಗೋದಲಿಯೊಳಗೆ ಬಿದ್ದೆ. ಅವಳು ಹೋಗಿ ಬಾಗಿಲಿಗೆ ಅಡ್ಡ ನಿಂತಳು. ಕಾರ್ಖಾನೆಯಲ್ಲಿ ತುರ್ತು ಬಾಗಿಲಿಗೆ ಅಡ್ಡ ಸ್ಟೂಲು ಇಟ್ಟವನನ್ನು ನಾನು ಎಲ್ಲರೆದುರು ಬೈದು ನೀರಿಳಿಸಿದ್ದು ಆಗಲೇ ನೆನಪಾಗಬೇಕೇ?

ಕಿಟಕಿಯಲ್ಲಿ ಹೆಂಡತಿಯ ಮುಖ ಕಂಡಿತು. "ಆ ಬಾಗಿಲು ತೆಗೆದಿಡೋದು ಹಸು ಓಡಲಿ ಅಂತ ಅಲ್ಲ ಕಣ್ರೀ, ನೀವು ಓಡಲಿ ಅಂತ."

ಅವಳು ಹಸುವಿನ ಕಡೆ ತಿರುಗಿ, "ಏನಿಲ್ಲ ಕಣವ್ವ, ನಾನಿದ್ದೀನಿ, ಹೆದರ್ಕೋಬೇಡ" ಅಂತ ರಾಗವಾಗಿ ಶುರುಮಾಡಿದಳು. ಹಸು ಕಿವಿ ಅಲ್ಲಾಡಿಸುತ್ತಾ ಕಿಟಕಿಯ ಹತ್ತಿರ ಬಂತು. ನಾನು ಕಳ್ಳನ ಹಾಗೆ ಇಳಿದು ಚಿಲಕ ತೆಗೆದೆ.

ವೈದ್ಯರು ಬಂದಾಗ ಹೆಂಡತಿ ಹಸುವಿನ ಭುಜದ ಪಕ್ಕ ನಿಂತು, ಎಡಗೈಲಿ ಕತ್ತು ತುರಿಸುತ್ತಾ ಮಾತಾಡುತ್ತಲೇ ಇದ್ದಳು. ಸೂಜಿ ಹೋಗಿ ಬಂದದ್ದು ಮಹಾರಾಣಿಗೆ ಗೊತ್ತೇ ಆಗಲಿಲ್ಲ. ಹಸುವೂ ಹೊಟ್ಟೆಯೊಳಗಿನ ಕರುವೂ ಬಚಾವು ಅಂತ ವೈದ್ಯರು ಹೇಳಿದ ಮೇಲೆ ನನ್ನ ಹೆಂಡತಿ ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು. ನನಗೂ ಹೊಟ್ಟೆ ತಣ್ಣಗಾಯಿತು. ಅಷ್ಟರಲ್ಲಿ ವೈದ್ಯರು ನನ್ನ ಅಂಗೈ ನೋಡಿ, ಕೊಟ್ಟಿಗೆ ಗಾಯ, ಧನುರ್ವಾಯು ಸೂಜಿ ಹಾಕಿಸಲೇಬೇಕು ಅಂದರು.

ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವಳೂ ಅವಳೇ. ನರ್ಸಮ್ಮ ಸೂಜಿ ತೆಗೆದದ್ದು ನೋಡಿ ನಾನು ಮೆಲ್ಲಗೆ ಬಾಗಿಲ ಕಡೆ ಸರಿದೆ. ಹೆಂಡತಿ ಬಂದು ನನ್ನ ಭುಜದ ಪಕ್ಕ ನಿಂತಳು, ಎಡಗೈ ಮೆತ್ತಗೆ ಕತ್ತಿನ ಮೇಲೆ ಬಂತು. "ಏನಿಲ್ಲ, ಏನಿಲ್ಲ, ನಾನಿದ್ದೀನಿ..."

ಸೆಕೆ ಅಂತ ನರ್ಸಮ್ಮ ಕೇಳಿದರು, "ಬಾಗಿಲು ತೆಗೆದಿಡಲಾ?"

"ಬೇಡಿ, ಹಾಕಿ ಚಿಲಕ ಜಡೀರಿ" ಅಂದಳು ನನ್ನ ಹೆಂಡತಿ. "ಇವರು ಓಡ್ತಾರೆ."