ನಾಲ್ಕನೇ ಮಹಡಿಯ ಷೇರುದಾರ

ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವ ಮೆಕ್ಯಾನಿಕ್‌ನ ಮನೆ ಇದ್ದದ್ದು ಲಿಫ್ಟೇ ಇಲ್ಲದ ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಹೆಂಡತಿಯ ಮಂಡಿ ಸವೆದುಹೋಗಿತ್ತು.

"ನೀವು ಲಿಫ್ಟ್ ಇರೋ ಮನೆಗೆ ಅಡ್ವಾನ್ಸ್ ಕಟ್ಟೋ ಹೊತ್ತಿಗೆ ನನ್ನನ್ನ ನಾಲ್ಕು ಜನ ಹೊತ್ಕೊಂಡು ಇಳಿಸ್ತಾರೆ," ಎಂದು ಆಕೆ ಬೆಳಿಗ್ಗೆಯೇ ಸಿಡಿದಿದ್ದಳು.

ಆ ಉರಿಗೆ ತುಪ್ಪ ಸುರಿದವನು ಅವನು ಕೆಲಸ ಮಾಡುವ ಲಿಫ್ಟ್ ಕಂಪನಿಯ ಸ್ಟೋರ್‌ಕೀಪರ್. ತನ್ನ ಹೆಸರಿನಲ್ಲಿ ಒಂದೇ ಒಂದು ಷೇರಿಲ್ಲದಿದ್ದರೂ ಷೇರುಪೇಟೆಯನ್ನು ಅರೆದು ಕುಡಿದವನಂತೆ ಮಾತಾಡುವ ಪ್ರಾಣಿ.

"ಲೋ, ಕಂಪನಿ ನಿನಗೆ ಷೇರು ಕೊಳ್ಳೋ ಹಕ್ಕು ಕೊಟ್ಟಿದೆ. ಹೊರಗೆ ನೂರು ಇರೋದು ನಿನಗೆ ನಲವತ್ತಕ್ಕೆ! ಯಾರೋ ದೊಡ್ಡವರು ನಮ್ಮ ಕಂಪನೀನೇ ಕೊಂಡ್ಕೋತಾರಂತೆ. ಆಮೇಲೆ ಅದು ಇನ್ನೂರು. ಒತ್ತೋ ಗುಂಡಿ!"

ಅಡ್ವಾನ್ಸಿಗೆಂದು ಕೂಡಿಟ್ಟದ್ದನ್ನೆಲ್ಲ ಸುರಿದು ಮೆಕ್ಯಾನಿಕ್ ಫೋನಿನಲ್ಲಿ ಷೇರು ಕೊಳ್ಳುವ ಗುಂಡಿ ಒತ್ತಿದ. ಕೈಯಲ್ಲಿದ್ದ ಟೀ ಆರುವ ಮುಂಚೆಯೇ ಅಕೌಂಟ್ಸ್ ಮೇಡಂ ಕರೆಸಿದರು.

"ನೂರರದ್ದು ನಲವತ್ತಕ್ಕೆ ತಗೊಂಡ್ರಲ್ಲ, ಆ ಅರವತ್ತು ನಿಮ್ಮ ಸಂಬಳ ಅಂತ ಲೆಕ್ಕ. ಅದಕ್ಕೆ ಟ್ಯಾಕ್ಸ್ ಹಿಡೀಬೇಕು. ಈ ತಿಂಗಳು ನಿಮಗೆ ಸಂಬಳ ಬರಲ್ಲ. ಮುಂದಿನ ತಿಂಗಳೂ ಕಷ್ಟವೇ."

"ನಾನಿನ್ನೂ ಮಾರೇ ಇಲ್ವಲ್ಲ ಮೇಡಂ!"

"ಮಾರಿದಾಗ ಲಾಭ ಬಂದ್ರೆ ಅದಕ್ಕೆ ಬೇರೆ ಟ್ಯಾಕ್ಸು."

"ಹಾಗಾದ್ರೆ ಈಗ್ಲೇ ನಾಲ್ಕು ಮಾರಿ ಕಟ್ತೀನಿ."

"ಒಂದು ವರ್ಷ ಮಾರೋ ಹಾಗಿಲ್ಲ. ಷರತ್ತು ಓದ್ಲಿಲ್ವಾ?"

"ಬೇಡ, ವಾಪಸ್ ತಗೊಳ್ಳಿ!"

"ಒತ್ತಿದ ಮೇಲೆ ಮುಗೀತು ಕಣ್ರೀ."

ಮೆಕ್ಯಾನಿಕ್‌ನ ಪಿತ್ತ ನೆತ್ತಿಗೇರಿತು. ಉಣ್ಣುವ ಮುಂಚೆಯೇ ತೇಗಿಗೆ ತೆರಿಗೆ! ಇದು ಯಾವ ಸೀಮೆಯ ನ್ಯಾಯ? ಯಜಮಾನರನ್ನೇ ಕೇಳಿಬಿಡುತ್ತೇನೆಂದು ಲಿಫ್ಟಿಗೆ ನುಗ್ಗಿದ. ಒಳಗೆ ಬೂದು ಕೋಟಿನ ಹಿರಿಯರೊಬ್ಬರು ಫೋನ್ ನೋಡುತ್ತ ನಿಂತಿದ್ದರು. ಬಾಗಿಲು ಮುಚ್ಚಿದ್ದೇ ತಡ, ಸಿಟ್ಟಿನ ಭರದಲ್ಲಿ ಗುಂಡಿಗಳ ಫಲಕಕ್ಕೆ ಒಂದು ಗುದ್ದು ಕೊಟ್ಟ. ಲಿಫ್ಟು ಎರಡು ಮಹಡಿಗಳ ನಡುವೆ ಗಕ್ಕನೆ ನಿಂತಿತು.

"ಇದೇನ್ರೀ, ಹೀಗೆ ನಿಂತೋಯ್ತು?" ಹಿರಿಯರು ಗಾಬರಿಯಾದರು.

ಗುದ್ದಿದ್ದು ತಾನು ಎನ್ನುವಷ್ಟು ತಾಳ್ಮೆ ಅವನಲ್ಲಿ ಉಳಿದಿರಲಿಲ್ಲ. "ನಮ್ಮ ಕಂಪನಿ ಲಿಫ್ಟೇ ಹೀಗೆ ಸಾರ್! ಮೇಲೆ ಥಳಕು, ಒಳಗೆ ಹುಳುಕು. ಹಗ್ಗಾನೂ ನಂಬೋ ಹಾಗಿಲ್ಲ. ಕೂಲಿಯವನ ಸಂಬಳಾನೇ ನುಂಗೋರು ಹಗ್ಗಕ್ಕೆ ದುಡ್ಡು ಹಾಕ್ತಾರಾ?" ಹಗ್ಗ ಗಟ್ಟಿಯಾಗಿಯೇ ಇತ್ತು, ಹೋದ ವಾರ ಬದಲಾಯಿಸಿದವನೇ ಅವನು.

"ಹೌದಾ? ನೀವು ಇಲ್ಲೇ ಕೆಲಸ ಮಾಡೋದಾ?"

"ಹನ್ನೆರಡು ವರ್ಷದಿಂದ ಸಾರ್. ಲಿಫ್ಟ್ ಮೆಕ್ಯಾನಿಕ್ಕು!"

ಹಿರಿಯರು ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿದ ಮೆಕ್ಯಾನಿಕ್ ಹಗುರಾಗಿ, ತಾನೇ ಫಲಕ ಬಿಚ್ಚಿ ಲಿಫ್ಟು ಹೊರಡಿಸಿದ. ಮೇಲಿನ ಮಹಡಿಯಲ್ಲಿ ಬಾಗಿಲು ತೆರೆದಾಗ ಯಜಮಾನರು ಹೂಗುಚ್ಛ ಹಿಡಿದು ಹಲ್ಲು ಕಿರಿಯುತ್ತ ನಿಂತಿದ್ದರು.

"ಬನ್ನಿ ಸಾರ್, ಬನ್ನಿ! ನಮ್ಮ ಕಂಪನಿ ಇನ್ನು ನಿಮ್ಮದೇ!"

"ಬೇಡ ಬಿಡಿ," ಎಂದ ಹಿರಿಯರು ಹೂಗುಚ್ಛ ಮುಟ್ಟದೆ ಮೆಟ್ಟಿಲಿಳಿದು ಹೋದರು.

ಸಂಜೆಯೊಳಗೆ ವ್ಯವಹಾರ ಮುರಿದ ಸುದ್ದಿ ಷೇರುಪೇಟೆಗೆ ಮುಟ್ಟಿ, ಷೇರು ಮೂವತ್ತೆಂಟಕ್ಕೆ ಬಂದು ಬಿತ್ತು. ಮೆಕ್ಯಾನಿಕ್ ಏದುಸಿರು ಬಿಡುತ್ತ ಅಕೌಂಟ್ಸಿಗೆ ಓಡಿದ.

"ಮೇಡಂ, ಈಗ ನನಗೇ ನಷ್ಟ! ಇನ್ನೆಲ್ಲಿ ಟ್ಯಾಕ್ಸು?"

"ಟ್ಯಾಕ್ಸು ಗುಂಡಿ ಒತ್ತಿದ ದಿನದ ಬೆಲೆಗೆ ಕಣ್ರೀ," ಎಂದು ಮೇಡಂ ಚೀಲ ಹೆಗಲಿಗೇರಿಸಿದರು. "ಯಾವನೋ ದರಿದ್ರದೋನು ಲಿಫ್ಟಲ್ಲಿ ಬಾಯಿಗೆ ಬಂದಿದ್ದು ಒದರಿದ್ನಂತೆ. ಸಿಕ್ಕಿದ್ರೆ ಕಪಾಳಕ್ಕೆ ಬಿಗೀಬೇಕು."

"ಬಿಗೀಬೇಕು ಮೇಡಂ," ಎಂದ ಮೆಕ್ಯಾನಿಕ್.

ಮನೆಗೆ ಬಂದಾಗ ಹೆಂಡತಿ ತರಕಾರಿ ಚೀಲದೊಂದಿಗೆ ಎರಡನೇ ಮಹಡಿಯ ಮೆಟ್ಟಿಲ ಮೇಲೆ ಮಂಡಿ ಹಿಡಿದು ಕೂತಿದ್ದಳು.

"ಅಡ್ವಾನ್ಸ್ ಕಟ್ಟಿದ್ರಾ?"

"ಕಟ್ಟಿದೆ ಕಣೇ, ಎರಡು ತಿಂಗಳ ಸಂಬಳ. ಸರ್ಕಾರಕ್ಕೆ."

ಆಕೆ ಅವನನ್ನೇ ದುರುಗುಟ್ಟಿ ನೋಡಿ, ಚೀಲವನ್ನು ಅವನ ಎದೆಗೆ ಒತ್ತಿ, ಗೋಡೆ ಹಿಡಿದು ಮೆಟ್ಟಿಲು ಹತ್ತತೊಡಗಿದಳು. ಇನ್ನೂ ಎರಡು ಮಹಡಿ ಬಾಕಿ ಇತ್ತು.